ಹೊತ್ತು ಮುಳುಗಲಿ

“ಅಭಿಜ್ಞಾ, ನಿನ್ನ ಕೊರಳಿನ ನಾಡಿ ಮಿಡಿಯುವುದು ನನಗೆ ಕೇಳಿಸುತ್ತಿದೆ,” ಎಂದ ಅಸದ್. ಅವನು ಹೇಳಿದ ಧಾಟಿಗೆ ‘ಈ ಕೊಡುಗೆ ಇಂದು ಮತ್ತು ನಾಳೆ ಮಾತ್ರ’ ಎಂಬುದೊಂದು ಬಾಕಿ ಇತ್ತು.

ರಕ್ಷಿತಾ ಇಯರ್‌ಫೋನ್ ಕಿತ್ತು ತೊಡೆಯ ಮೇಲೆ ಹಾಕಿಕೊಂಡಳು. “ಅಸದಣ್ಣ, ಕಥೆಯಲ್ಲಿ ಅವನು ಸೀರೆ ಮಾರ್ತಾ ಇಲ್ಲ. ಪ್ರೀತಿ ಮಾಡ್ತಾ ಇದ್ದಾನೆ.”

“ನಾನು ಪ್ರೀತಿಯಿಂದಲೇ ಹೇಳಿದ್ದು.”

“ಊರಿಗೆಲ್ಲ ಕೇಳೂ ಹಂಗೆ ಯಾರು ಪ್ರೀತಿ ಮಾಡ್ತಾರೆ?”

“ಊರಿಗೆಲ್ಲ ಕೇಳೂ ಹಂಗೆ ಹೇಳೂದೇ ನನ್ನ ಕೆಲಸ ಮೇಡಂ. ಹನ್ನೊಂದು ವರ್ಷ ಆಯ್ತು. ಗಂಟಲು ಹಂಗೇ ಕೂತುಬಿಟ್ಟಿದೆ.”

ಅದು ಸುಳ್ಳಲ್ಲ. ತಲೆಯ ಮೇಲೆ ಎರಡು ಧ್ವನಿವರ್ಧಕ ಕಟ್ಟಿಕೊಂಡು ಶಿರಸಿಯ ಬೀದಿ ಬೀದಿ ಸುತ್ತುವ ಅವನ ಬಿಳಿ ಓಮ್ನಿ ಯಾರಿಗೂ ಹೊಸದಲ್ಲ. ಹೊಸ ಅಂಗಡಿ ತೆರೆದರೆ, ಎರಡು ದಿನ ನಲ್ಲಿಯಲ್ಲಿ ನೀರು ಬಾರದಿದ್ದರೆ, ಯಾರದೋ ಪರ್ಸು ಕಳೆದರೆ ಊರಿಗೆ ತಿಳಿಸುವುದು ಅಸದನ ಗಂಟಲು. ಹಾಗಾಗಿ ಎಂಥ ವಾಕ್ಯ ಕೊಟ್ಟರೂ ಕೊನೆಗೆ ಬರುವಾಗ ಅದರ ದನಿ ಏರಿಬಿಡುತ್ತಿತ್ತು. ಪಿಯುಸಿ ಓದುವ ಅವನ ತಂಗಿ ಶಾಯಿಸ್ತಾ ಮೊದಲ ರೆಕಾರ್ಡಿಂಗ್ ಕೇಳಿದವಳೇ, “ಅಣ್ಣ ‘ನೀನಿಲ್ಲದೆ ನಾನಿಲ್ಲ’ ಅಂದ್ರೆ ನಂಗೆ ಕರೆಂಟ್ ಬಿಲ್ ನೆನಪಾಗ್ತದೆ” ಎಂದಿದ್ದಳಂತೆ. ಇದನ್ನು ಅಸದನೇ ಬಂದು ನಗುತ್ತ ಹೇಳಿದ್ದ. ರಕ್ಷಿತಾಳಿಗೆ ನಗು ಬಂದಿರಲಿಲ್ಲ.

ಈಗ ಆ ಓಮ್ನಿ ನಿಲ್ಕುಂದದಲ್ಲಿ, ರಕ್ಷಿತಾಳ ಮನೆಯ ಅಂಗಳದಲ್ಲಿ ನಿಂತಿತ್ತು. ಗಾಜು ಏರಿಸಿ, ಒಳಗಿಂದ ಸುತ್ತಲೂ ಕಂಬಳಿ ಕಟ್ಟಿ ಅದನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಮಾರ್ಚ್ ತಿಂಗಳ ಮಧ್ಯಾಹ್ನ. ಇಬ್ಬರೂ ಒಲೆಯ ಮೇಲಿಟ್ಟ ಗೆಣಸಿನ ಹಾಗೆ ಬೇಯುತ್ತಿದ್ದರು. ಶಿರಸಿಯಲ್ಲೇ ಮಾಡಿ ಕಳಿಸಿದ ಮೂರು ರೆಕಾರ್ಡಿಂಗೂ ವಾಪಸು ಬಂದಿದ್ದವು. ಒಂದರಲ್ಲಿ ರಕ್ಷಿತಾಳ ಹಾಸ್ಟೆಲಿನ ಮಿಕ್ಸರ್, ಇನ್ನೊಂದರಲ್ಲಿ ಬಸ್ಸಿನ ಹಾರ್ನ್. ಮೂರನೆಯದರಲ್ಲಿ ಯಾವ ಸದ್ದೂ ಇರಲಿಲ್ಲ. ಅಸದ್ ಮಾತ್ರ ಇದ್ದ. ಅದು ಸಾಲದೇ ಹೋಗಿತ್ತು. ಬೆಂಗಳೂರಿನ ಆಡಿಯೋ ಕಥೆಗಳ ಕಂಪನಿಯ ವೈಭವ ಎಂಬವನು ಫೋನಿನಲ್ಲಿ ಹೇಳಿದ್ದ: “ವಾಯ್ಸ್ ಸೂಪರ್. ಆದ್ರೆ ಅದರಲ್ಲಿ ಹಸಿವಿಲ್ಲ. ವ್ಯಾಂಪೈರ್ ಅಂದ್ಮೇಲೆ ಹಸಿವು ಬೇಕು. ಶನಿವಾರ ಸಂಜೆ ಆರರ ತನಕ ನೋಡ್ತೀವಿ, ಆಮೇಲೆ ನಿಮ್ಮ ಕಥೆ ಡ್ರಾಪ್.”

ಇವತ್ತೇ ಶನಿವಾರ. ನಾಲ್ಕು ಗಂಟೆಯಾಗಿತ್ತು.

ಅಸದನನ್ನು ಆರಿಸಿದವಳು ರಕ್ಷಿತಾ ಅಲ್ಲ. ಶಾಯಿಸ್ತಾಳ ಕಾಟ ತಡೆಯಲಾರದೆ ಅವನು ಕಂಪನಿಗೆ ದನಿ ಕಳಿಸಿದ್ದ. ‘ನೀವಿಬ್ರೂ ಒಂದೇ ಊರು, ಒಟ್ಟಿಗೆ ಮಾಡಿ ಕಳಿಸಿ’ ಎಂದು ವೈಭವ ಗಂಟು ಹಾಕಿದ್ದ. ನಿರೂಪಣೆ ಮತ್ತು ಹುಡುಗಿಯ ಮಾತು ರಕ್ಷಿತಾಳದ್ದು, ಹುಡುಗನ ಮಾತು ಅಸದನದ್ದು.

ಈ ಕಥೆಯೂ ಅವಳು ಮನಸ್ಸಿಟ್ಟು ಬರೆದದ್ದಲ್ಲ. ಹಾಸ್ಟೆಲಿನ ಲೈಬ್ರರಿ ಎಂದರೆ ಎರಡು ಕಬ್ಬಿಣದ ಕಪಾಟು. ಬಿಎ ಎರಡನೇ ವರ್ಷ ಮುಗಿಯುವಷ್ಟರಲ್ಲಿ ಅವೆರಡನ್ನೂ ಓದಿ ಮುಗಿಸಿ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಮುದುಕಿಯೊಬ್ಬಳ ಬಗ್ಗೆ ಒಂದು ಕಥೆ ಬರೆದು ಮೊಬೈಲ್ ಆ್ಯಪಿಗೆ ಹಾಕಿದ್ದಳು. ನಲವತ್ತೊಂದು ಜನ ಓದಿದರು. ಸಿಟ್ಟಿನಿಂದ, ಪಕ್ಕದ ಮಂಚದ ಹುಡುಗಿಯರು ಬಾಯಿ ತೆರೆದುಕೊಂಡು ಓದುವಂಥದ್ದನ್ನೇ ಬರೆಯುತ್ತೇನೆಂದು ‘ನೆತ್ತರಿನ ಹುಡುಗ’ ಶುರು ಮಾಡಿದಳು. ಮುನ್ನೂರು ವರ್ಷದ ರಕ್ತಪಿಪಾಸು ರಿಯಾನ್ ಸೆಕೆಂಡ್ ಪಿಯುಸಿಗೆ ಸೇರಿ ಅಭಿಜ್ಞಾಳನ್ನು ಪ್ರೀತಿಸುತ್ತಾನೆ. ಅವಳ ರಕ್ತಕ್ಕಾಗಿ ಸಾಯುತ್ತಾನೆ, ಆದರೆ ಮುಟ್ಟುವುದಿಲ್ಲ. ಒಂಬತ್ತು ಲಕ್ಷ ಜನ ಓದಿದರು. ಒಬ್ಬಳು ಯಲ್ಲಾಪುರದಿಂದ ಹಾಸ್ಟೆಲ್ ಹುಡುಕಿಕೊಂಡು ಬಂದು, ರಿಯಾನ್ ಯಾವ ಕಾಲೇಜು ಎಂದು ಕೇಳಿದ್ದಳು.

“ಮುನ್ನೂರು ವರ್ಷ ಆದ್ರೂ ಪಿಯುಸಿ ಪಾಸಾಗಿಲ್ವಾ ಇವ?” ಎಂದು ಅಸದ್ ಮೊದಲ ದಿನವೇ ಕೇಳಿದ್ದ.

ಎಷ್ಟೇ ಬೈದುಕೊಂಡರೂ ಕಥೆ ಬಿಡುವ ಹಾಗಿರಲಿಲ್ಲ. ಮೇ ತಿಂಗಳಲ್ಲಿ ಕಡೆಯ ವರ್ಷ ಮುಗಿದು ಹಾಸ್ಟೆಲ್ ಖಾಲಿ ಮಾಡಬೇಕು. ಇದು ಒಪ್ಪಿಗೆಯಾದರೆ ವರ್ಷವಿಡೀ ಕೆಲಸ, ಶಿರಸಿಯಲ್ಲೇ ಒಂದು ರೂಮು, ಆಮೇಲೆ ಬೇಕಾದ್ದು ಬರೆಯುವುದು. ಆಗದಿದ್ದರೆ ಇದೇ ಅಂಗಳ, ಅಪ್ಪನ ಹಿಂದೆ ಕಾಡಿಗೆ ಹೋಗಿ ಒಣಗಿದೆಲೆಯ ದರಕು ಗುಡಿಸಿ ತರುವುದು.

“ಇನ್ನೊಂದ್ಸಲ,” ಎಂದಳು. “ಮೆಲ್ಲಗೆ. ಹಸಿವಿಟ್ಟು.”

“ಹಸಿವು!” ಅಸದ್ ಕಾಗದದಿಂದ ಗಾಳಿ ಬೀಸಿಕೊಂಡ. “ಬೆಳಿಗ್ಗೆ ಐದು ಗಂಟೆಯಿಂದ ಒಂದು ಹನಿ ನೀರಿಲ್ಲ ಹೊಟ್ಟೆಗೆ. ಇದಕ್ಕಿಂತ ಹಸಿವು ಎಲ್ಲಿಂದ ತರ್ಲಿ? ರಂಜಾನಲ್ಲಿ ಸೈತಾನನ್ನ ಕಟ್ಟಿ ಹಾಕಿರ್ತಾರಂತೆ ಮೇಡಂ. ನೀವು ನನ್ನ ಗಾಡಿಯೊಳಗೆ ಬಿಚ್ಚಿ ಬಿಟ್ಟಿದೀರಿ.”

“ಆ ಹಸಿವೇ ಹಾಕಿ.”

“ಹಸಿದಾಗ ನಾನು ಸುಮ್ಮನಿರ್ತೇನೆ. ನಿಮ್ಮವ ಅರ್ಧ ಪೇಜ್ ಮಾತಾಡ್ತಾನೆ.”

ಅಂಗಿಯ ಕಾಲರಿಗೆ ಸಿಕ್ಕಿಸಿದ್ದ ಗುಂಡಿಯಷ್ಟೇ ಚಿಕ್ಕ ಮೈಕನ್ನು ಸರಿಮಾಡಿಕೊಂಡು ಅವನು ಓದಿದ: “ನಿನ್ನ ನೆತ್ತರಿನ ಒಂದೊಂದು ಹನಿಯೂ ನನ್ನ ಶತಮಾನಗಳ ದಾಹಕ್ಕೆ ಅಮೃತ. ಆದರೂ ಪ್ರಿಯೆ, ನನ್ನೊಳಗಿನ ಮೃಗವನ್ನು ಪ್ರೇಮದ ಸರಪಳಿಯಲ್ಲಿ…” ಹಿತ್ತಿಲಲ್ಲಿ ಹುಂಜ ಕೂಗಿತು. ಮತ್ತೆ ಓದಿದ. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು. ಇನ್ನೊಮ್ಮೆ ಓದಿದ. ಸರಪಳಿಯ ತನಕ ಚೆನ್ನಾಗಿಯೇ ಬಂದು, ‘ಬಂಧಿಸಿದ್ದೇನೆ’ ಎನ್ನುವಾಗ ದನಿ ಏರಿ ನಗರಸಭೆಯ ಕರ ಕಟ್ಟಲು ಕಡೆಯ ದಿನವಾಯಿತು.

ಕಿಟಕಿಗೆ ಯಾರೋ ಬಡಿದರು.

“ಅವ್ವಾ!” ರಕ್ಷಿತಾ ಕಂಬಳಿ ಸರಿಸಿ ಗಾಜು ಇಳಿಸಿದಳು. “ಒಂದು ತಾಸು ಈ ಕಡೆ ಬರಬೇಡ ಅಂದಿದ್ನಲ್ಲೇ.”

ಹೊನ್ನಿ ಎರಡು ಲೋಟ ಹಿಡಿದು ನಿಂತಿದ್ದಳು. “ಎಂತ ಮಾಡ್ತಿದ್ರಿ ಅಂತ ಕೇಳೂಕೂ ಆಗ. ಒಳಗೆ ಕೂತು ರಕ್ತ ರಕ್ತ ಅಂತ ಕೂಗ್ತಿದ್ರಿ. ಎಂತದೇ ಅದು ಕಥೆ?”

“ಒಬ್ಬ ಹುಡುಗ. ರಕ್ತ ಕುಡಿಯೋನು. ಅವನ್ನ ಒಬ್ಬಳು ಪ್ರೀತಿ ಮಾಡ್ತಾಳೆ.”

“ರಕ್ತ ಹೀರೂದು? ಮಳೆಗಾಲದಲ್ಲಿ ಕಾಲಿಗೆ ಹತ್ತೂ ಉಂಬಳನಾ?”

ಅಸದ್ ಪಕ್ಕಕ್ಕೆ ತಿರುಗಿ ಕೆಮ್ಮಿದ.

“ಉಂಬಳಕ್ಕೆ ಮನಸ್ಸು ಕೊಟ್ಟಳಾ?” ಹೊನ್ನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಸುಣ್ಣ ಹಚ್ಚಿ ಕಿತ್ತು ಒಗೆಯೂದು ಬಿಟ್ಟು! ಇದನ್ನ ಓದೂಕೆ ಒಂಬತ್ತು ಲಕ್ಷ ಜನನಾ?” ಆಮೇಲೆ ಅಸದನ ಕಡೆಗೆ ಲೋಟ ಚಾಚಿದಳು. “ತಗ ತಮಾ. ಬೆವರು ಇಳೀತಿದ್ದು. ಮಜ್ಜಿಗೆ.”

“ಬೇಡ ಅಮ್ಮ.”

“ಉಪ್ಪು ಹಾಕಿದ್ದು. ತಣ್ಣಗಿದ್ದು.”

“ಬೇಡ.”

“ನೀರಾದ್ರೂ ಕುಡಿ.”

“ಬೇಡ ಅಂದ್ನಲ್ಲ ಅಮ್ಮ.” ಅಸದ್ ಕಾಗದ ನೋಡುತ್ತಲೇ ಹೇಳಿದ.

ಹೊನ್ನಿಯ ಚಾಚಿದ ಕೈ ಅಲ್ಲೇ ನಿಂತಿತು. ಮುಖದ ನಗು ಹೋಯಿತು. ತಪ್ಪು ತನ್ನದೆಂದು ರಕ್ಷಿತಾಳಿಗೆ ಆಗ ಹೊಳೆಯಿತು. ಶಿರಸಿಯಿಂದ ಒಬ್ಬರು ಬರುತ್ತಾರೆ ಎಂದಷ್ಟೇ ಅವ್ವನಿಗೆ ಹೇಳಿದ್ದಳು. ಹೆಸರೂ ಹೇಳಿರಲಿಲ್ಲ, ಉಪವಾಸವನ್ನೂ ಹೇಳಿರಲಿಲ್ಲ. ಹೊನ್ನಿ ಇಪ್ಪತ್ತು ವರ್ಷ ಹೇರೂರು ಕಡೆಯ ಮನೆಗಳಿಗೆ ಅಡಿಕೆ ಸುಲಿಯಲು ಹೋದವಳು. ಎಷ್ಟೇ ಬಾಯಾರಿದರೂ ಇವಳು ತಂದ ಕೊಡದ ನೀರನ್ನು ಅಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಬೇಡ ಎನ್ನುವಾಗ ಅವರು ಕೂಡ ಬೇರೆ ಕಡೆ ನೋಡಿಯೇ ಹೇಳುತ್ತಿದ್ದರು.

“ನಮ್ಮನೆ ನೀರು ಆಗೂದಿಲ್ಲನಾ ನಿಂಗೆ?” ಹೊನ್ನಿ ಕೇಳಿದಳು. “ಹಂಗಾರೆ ನಮ್ಮ ಅಂಗಳಕ್ಕೆ ಎಂತಕ್ಕೆ ಗಾಡಿ ತಂದು ನಿಲ್ಸಿದೆ?”

“ಅವ್ವಾ, ಅವರಿಗೆ…”

ರಕ್ಷಿತಾ ಮಾತು ಮುಗಿಸುವ ಮೊದಲೇ ಅಸದ್ ಬಾಗಿಲು ತೆರೆದು ಕೆಳಗಿಳಿದಿದ್ದ. ಕಂಬಳಿಯ ನೂಲು ತಲೆಗೂದಲಿಗೆ ಅಂಟಿಕೊಂಡಿತ್ತು. ಹೊನ್ನಿಯೆದುರು ಬಂದು ನಿಂತ.

“ಬೇಡ ಅಮ್ಮ,” ಎಂದ. “ನಿಮ್ಮ ಕೈಯಿಂದ ಬೇಡ ಅಂತಲ್ಲ. ಹಸಿವು ಉಂಟು. ಭಾರೀ ಉಂಟು. ಹೊತ್ತು ಮುಳುಗಲಿ, ನೀವೇ ಕೊಡಿ.”

“ಮುಳುಗೂದು ಎಂತಕ್ಕೆ?”

“ರೋಜಾ. ಒಂದು ತಿಂಗಳು. ಹಗಲು ಎಂತದೂ ಇಲ್ಲ, ನೀರೂ ಇಲ್ಲ.”

ಹೊನ್ನಿ ಮಗಳ ಕಡೆ ತಿರುಗಿದಳು. ಆ ನೋಟಕ್ಕೆ ರಕ್ಷಿತಾ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಫೋನಿನೊಳಗೆ ತಲೆ ಹಾಕಿದಳು. “ಉಪಾಸ ಇದ್ದವರನ್ನ ಬಿಸಿಲಲ್ಲಿ ಡಬ್ಬಿಯೊಳಗೆ ತುಂಬಿ ಕೂಗಿಸ್ತಿದ್ಯಲ್ಲೇ! ಓದಿದೋಳಂತೆ,” ಎಂದು ಹೊನ್ನಿ ಬೈಯುತ್ತಿದ್ದಳು.

ರೆಕಾರ್ಡಿಂಗ್ ನಿಂತಿರಲಿಲ್ಲ. ಮೈಕು ಅಸದನ ಕಾಲರಿನಲ್ಲೇ ಇತ್ತು. ಹಿಂದಿನದನ್ನು ಅಳಿಸಲೆಂದು ಅವಳು ಅದನ್ನು ನಿಲ್ಲಿಸಿ ಹಿಂದಕ್ಕೆ ಎಳೆದಾಗ ಕಿವಿಯೊಳಗೆ ಒಂದು ಒಣಗಿದ ಗಂಟಲು ಮಾತಾಡಿತು. *ಬೇಡ ಅಮ್ಮ. ನಿಮ್ಮ ಕೈಯಿಂದ ಬೇಡ ಅಂತಲ್ಲ.* ಏರಿಲ್ಲ, ಇಳಿದಿಲ್ಲ. *ಹಸಿವು ಉಂಟು.* ನಡುವೆ ನಾಲಿಗೆ ಅಂಗುಳಕ್ಕೆ ಅಂಟಿ ಬಿಟ್ಟುಕೊಂಡ ಸದ್ದು. *ಹೊತ್ತು ಮುಳುಗಲಿ.*

ಅವಳು ಮೂರು ಸಲ ಕೇಳಿದಳು.

“ಅಸದಣ್ಣ, ಸಿಕ್ಕಿತು. ಇದೇ. ಕತ್ತರಿಸಿ ಕಥೆಗೆ ಹಾಕ್ತೇನೆ, ಅಮ್ಮ ಅನ್ನೋದೊಂದು ತೆಗೆದ್ರೆ ಆಯ್ತು.”

ಅವನು ಇಯರ್‌ಫೋನ್ ಇಸಿದುಕೊಂಡು ಕೇಳಿದ. ಮುಖ ಗಂಟಾಯಿತು. “ಇಲ್ಲ.”

“ಎಂತಕ್ಕೆ ಇಲ್ಲ? ಮೂರು ವಾರದಿಂದ ಇದನ್ನೇ ಕೇಳ್ತಾ ಇದ್ದೆ ನಾನು!”

“ಅದು ರೋಜಾದ ಮಾತು. ಅಮ್ಮನಿಗೆ ಹೇಳಿದ್ದು. ನಿಮ್ಮ ಪಿಶಾಚಿ ಬಾಯಿಗೆ ತುರುಕಬೇಡಿ.”

“ಬಾಯಿ ಅಂತೂ ನಿಮ್ದೇ.”

“ಬಾಯಿ ನಂದು, ಅದಕ್ಕೇ ಹೇಳಿದ್ದು. ಫೋನು ನಿಮ್ಮ ಕೈಯಲ್ಲುಂಟು, ತಡೀಲಿಕ್ಕೆ ನಂಗೆ ಆಗೂದಿಲ್ಲ. ಆದ್ರೆ ಕತ್ತರಿಸಿ ಕಳಿಸಿದ್ರೆ ನಾಳೆಯಿಂದ ಬೇರೆಯವರನ್ನ ನೋಡ್ಕೊಳ್ಳಿ.”

ಐದು ದಾಟಿ ಹತ್ತು ನಿಮಿಷವಾಗಿತ್ತು. ರಕ್ಷಿತಾಳ ಬೆರಳು ಕತ್ತರಿಯ ಗುರುತಿನ ಮೇಲೇ ಇತ್ತು. ಒತ್ತಿ ಕಳಿಸಿಬಿಟ್ಟರೆ ಇವನು ಹೋಗುತ್ತಾನೆ, ನಿಜ. ಕಥೆ ಉಳಿಯುತ್ತದೆ. ಆದರೆ ಕಂಪನಿ ಒಪ್ಪುವುದು ಈ ದನಿಯನ್ನು, ದನಿ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದೆ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

“ಜಗಳ ಎಂತದ್ದು ಅಂತಾದ್ರೂ ಹೇಳಿ,” ಎಂದಳು ಹೊನ್ನಿ. ಮಗಳಿಗೆ ತಂದ ಲೋಟವನ್ನು ತಾನೇ ಕುಡಿಯುತ್ತಿದ್ದಳು.

ರಕ್ಷಿತಾ ಹಲ್ಲು ಕಚ್ಚಿ ಹೇಳಿದಳು: ಆ ಹುಡುಗನಿಗೆ ಹಸಿವು. ಹುಡುಗಿ ಕುಡಿ ಎಂದು ಕೈ ಚಾಚುತ್ತಾಳೆ. ಅವನು ಬೇಡ ಎನ್ನಬೇಕು. ಆಮೇಲೆ ಕಾಗದದಲ್ಲಿದ್ದ ಮಾತನ್ನೂ ಓದಿದಳು. ಶತಮಾನಗಳ ದಾಹ, ಅಮೃತ, ಮೃಗ, ಸರಪಳಿ, ಎಲ್ಲ.

ಹೊನ್ನಿ ಕೊನೆಯ ತನಕ ಕೇಳಿದಳು. “ಹಸಿದೋನು ಅಷ್ಟುದ್ದ ಮಾತಾಡ್ತನಾ?” ಎಂದಳು.

ಅಸದ್ ಜೋರಾಗಿ ನಕ್ಕ. “ನೋಡಿ! ಇದನ್ನೇ ನಾನು ಹೇಳಿದ್ದು.”

ಅಡಿಕೆ ಸುಲಿದವಳಿಗೂ ಸೀರೆ ಅಂಗಡಿಯ ಜಾಹೀರಾತು ಕೂಗುವವನಿಗೂ ಗೊತ್ತಿದ್ದದ್ದು ಎರಡು ಕಪಾಟು ಓದಿದ ತನಗೆ ಗೊತ್ತಿರಲಿಲ್ಲ ಎಂಬುದು ರಕ್ಷಿತಾಳ ಮೈ ಉರಿಯಿಸಿತು. ಬಾನೆಟ್ಟಿನ ಮೇಲೆ ಕಾಗದವಿಟ್ಟು ಪೆನ್ನಿನಿಂದ ಗೀಚತೊಡಗಿದಳು. ಅಮೃತ ಹೋಯಿತು. ಮೃಗ ಹೋಯಿತು. ಸರಪಳಿಯನ್ನು ಕಾಗದ ಹರಿಯುವ ಹಾಗೆ ಹೊಡೆದಳು. ಕೆಳಗೆ ಒಂದು ಸಾಲು ಬರೆದು ಅವನ ಮುಂದೆ ಹಿಡಿದಳು.

“ಹೊತ್ತು ಮುಳುಗಲಿ ಅನ್ನೋದು ಬರೆದಿಲ್ಲ,” ಎಂದಳು. “ಅದು ನಿಮ್ದು, ಇಟ್ಕೊಳ್ಳಿ. ಇದಿಷ್ಟು ಕೊಡಿ.”

ಅಸದ್ ಓದಿಕೊಂಡ. ಕಾಗದ ಮಡಚಿ ಜೇಬಿಗೆ ಹಾಕಿ ಗಾಡಿ ಹತ್ತಿದ. ಹೊನ್ನಿ ಹುಂಜವನ್ನು ಬುಟ್ಟಿಯಡಿಗೆ ಹಾಕಿ, ಗಾಡಿಯ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಕತ್ತಲು, ಕಂಬಳಿಯ ವಾಸನೆ. ರಕ್ಷಿತಾ ಹುಡುಗಿಯ ಮಾತು ಹೇಳಿದಳು: “ತಗೋ ರಿಯಾನ್.” ಕೈಯನ್ನೂ ಚಾಚಿದಳು, ತನಗೇ ತಿಳಿಯದೆ.

“ಬೇಡ,” ಎಂದ ಅಸದ್. “ನಿನ್ನ ಕೈಯಿಂದ ಬೇಡ ಅಂತಲ್ಲ.”

ಒಂದೇ ಸಲಕ್ಕೆ ಆಯಿತು.

ನೆಟ್‌ವರ್ಕ್ ಬರುವುದು ಹುಲ್ಲಿನ ಬಣವೆಯ ಹತ್ತಿರ ಮಾತ್ರ. ರಕ್ಷಿತಾ ಅಲ್ಲಿ ಕಲ್ಲು ಹತ್ತಿ ಫೋನು ಎತ್ತಿ ಹಿಡಿದು ನಿಂತಳು. ಐದು ಐವತ್ತೆರಡಕ್ಕೆ ರೆಕಾರ್ಡಿಂಗ್ ಹೋಯಿತು. ಆರು ಇಪ್ಪತ್ತೈದಕ್ಕೆ ವೈಭವನ ಧ್ವನಿ ಸಂದೇಶ ಬಂತು. ಮೂವರಿಗೂ ಕೇಳುವ ಹಾಗೆ ಹಾಕಿದಳು.

“ಗುರೂ, ಇದೇ ಹಸಿವು! ಎಂಬತ್ತು ಎಪಿಸೋಡ್ ಪಕ್ಕಾ. ಜೋಡಿ ಚೇಂಜ್ ಮಾಡ್ಬೇಡಿ. ಆದ್ರೆ ಒಂದು, ಇಷ್ಟು ತಡ್ಕೊಂಡ್ರೆ ಕೇಳೋರು ಬಿಟ್ಟು ಹೋಗ್ತಾರೆ. ಹತ್ತು ಎಪಿಸೋಡೊಳಗೆ ಅವನು ಒಂದ್ಸಲ ಕಚ್ಚಲೇಬೇಕು.”

“ಎಂಬತ್ತು,” ಎಂದಳು ರಕ್ಷಿತಾ, ಅಸದನನ್ನು ಮೇಲಿಂದ ಕೆಳಗೆ ನೋಡಿ.

“ನಂಗೇನು ಖುಷಿಯಾ?” ಎಂದ ಅಸದ್. “ಕಚ್ಚೂದೆಲ್ಲ ಈದ್ ಆದ್ಮೇಲೆ ಇಡಿ ಮೇಡಂ.”

ಕೊಟ್ಟಿಗೆಯಲ್ಲಿ ಎಮ್ಮೆ ಒಂದೇ ಸಮ ಕೂಗುತ್ತಿತ್ತು. ಹಾಲು ಕರೆಯುವ ಹೊತ್ತು ಮೀರಿತ್ತು. ಜಗಲಿಯ ಮೇಲೆ ಚಾಪೆ ಹಾಸಿತ್ತು. ಅದರ ಮೇಲೆ ಎರಡು ಬಾಳೆಹಣ್ಣು, ತಟ್ಟೆ ಮುಚ್ಚಿದ ತಂಬಿಗೆ. ಹೊನ್ನಿ ಕರೆಯುವ ಪಾತ್ರೆಯನ್ನು ಕಂಕುಳಲ್ಲಿ ಇರುಕಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು ಅಂಗಳದ ತುದಿಯಲ್ಲಿ ನಿಂತಿದ್ದಳು.

“ಇನ್ನೂ ಎಷ್ಟು ಹೊತ್ತಾ ತಮಾ?”

ಅಸದ್ ಗಡಿಯಾರ ನೋಡಿದ. “ಹತ್ತು ನಿಮಿಷ ಅಮ್ಮ.”

“ಈ ಸುಡುಗಾಡು ಸೂರ್ಯ,” ಎಂದು ಬೈದಳು ಹೊನ್ನಿ, ಮತ್ತಿ ಮರದ ಕೊಂಬೆಯಲ್ಲಿ ಸಿಕ್ಕಿಕೊಂಡಿದ್ದ ಆ ಕೆಂಪನ್ನೇ ನೋಡುತ್ತ.