ನಿಂಗಪ್ಪನ ಎಮ್ಮೆ, ದುಗ್ಗಮ್ಮನ ಹೂವು

ಹಾಲು ಕರೆಯುವ ಎಮ್ಮೆಯೊಂದನ್ನು ಕೊಟ್ಟು ನಿಂಗಪ್ಪ ದೋಣಿಗೆ ಎಂಜಿನ್ ತಂದ ದಿನದಿಂದ ಅವನ ಹೆಂಡತಿ ದುಗ್ಗಮ್ಮ ಅದನ್ನು ಎಂಜಿನ್ ಎಂದು ಒಮ್ಮೆಯೂ ಕರೆದವಳಲ್ಲ. ಎಮ್ಮೆ ಎಂದೇ ಕರೆಯುತ್ತಿದ್ದಳು. ಎಮ್ಮೆ ಇವತ್ತು ಎದ್ದಿತಾ, ಎಮ್ಮೆಗೆ ಕುಡಿಯಲು ಹಾಕಿದಿರಾ, ಮೋಡ ಕಟ್ಟಿದೆ ಎಮ್ಮೆಯನ್ನು ಒಳಗೆ ತನ್ನಿ, ಹೀಗೆ. ಕೇಳಿದವರು ನಕ್ಕರೆ, ನಗುವುದಕ್ಕೇನಿದೆ, ಮೊದಲಿನದು ಹಾಲು ಕೊಡುತ್ತಿತ್ತು, ಇದು ಎಣ್ಣೆ ಕುಡಿಯುತ್ತದೆ, ಅಷ್ಟೇ ವ್ಯತ್ಯಾಸ ಎನ್ನುತ್ತಿದ್ದಳು.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮರುವರ್ಷದ ಮಾತು. ಊರು ಮುಳುಗಿದ ಮೇಲೆ ನಿಂಗಪ್ಪ ಈಚೆ ದಡದ ದಿಬ್ಬದಲ್ಲಿ ಮನೆ ಕಟ್ಟಿಕೊಂಡಿದ್ದ. ಅವನು ಉಳುತ್ತಿದ್ದ ಎಂಟು ಗದ್ದೆಗಳಲ್ಲಿ ಏಳು ನೀರಿನಡಿಗೆ ಹೋಗಿ, ಆಚೆ ದಡದ ಎತ್ತರದಲ್ಲಿದ್ದ ಅತ್ತಿಮರದ ಗದ್ದೆಯೊಂದು ಉಳಿದಿತ್ತು. ಅದಕ್ಕೆ ಹೋಗಿಬರಲು ದೋಣಿಯೇ ದಾರಿ. ಸರ್ವೆಗೆ ಬಂದಿದ್ದವರು ಹಿಂದಿರುಗುವಾಗ ಹಳೆಯ ಎಂಜಿನ್ನೊಂದನ್ನು ತಮ್ಮ ಅಡುಗೆಯವನಿಗೆ ಬಿಟ್ಟುಹೋಗಿದ್ದರು. ಅವನಿಗೆ ಎಮ್ಮೆ ಬೇಕಿತ್ತು, ನಿಂಗಪ್ಪನಿಗೆ ಎಂಜಿನ್ ಬೇಕಿತ್ತು. ಬೇಕು ಎನ್ನುವ ಇಬ್ಬರು ಎದುರುಬದುರಾದರೆ ಬುದ್ಧಿ ಹೇಳುವವರು ಯಾರು?

ದೋಣಿಯ ಹಿಂಬದಿಗೆ ಕಚ್ಚಿ ಕೂರುವ ಎಂಜಿನ್ ಅದು. ನೆತ್ತಿಯ ಮೇಲೆ ಪೆಟ್ರೋಲಿನ ಟ್ಯಾಂಕ್, ಅದಕ್ಕೊಂದು ತಿರುಗಣೆ ಮುಚ್ಚಳ. ಹಗ್ಗ ಸುತ್ತಿ ಎಳೆದರೆ ಏಳಬೇಕು. ಅದರ ವಿದ್ಯೆ ಕಲಿಯಲು ನಿಂಗಪ್ಪ ಆನಂದಪುರದ ಅಕ್ಕಿಗಿರಣಿಯ ಮಿಸ್ತ್ರಿ ಸೀತಾರಾಮಪ್ಪನ ಹತ್ತಿರ ಹೋಗಿದ್ದ. ಮೂರು ಇದ್ದರೆ ಯಾವ ಎಂಜಿನ್ನೂ ಓಡುತ್ತದೆ ಎಂದು ಮಿಸ್ತ್ರಿ ಶುರುಮಾಡಿದನಂತೆ. ಒಂದು ಎಣ್ಣೆ, ಎರಡು ಕಿಡಿ. ಮೂರನೆಯದನ್ನು ಹೇಳುವ ಹೊತ್ತಿಗೆ ಸಾಗರದ ಬಸ್ಸು ಬಂತು. ನಿಂಗಪ್ಪ ಓಡಿ ಬಸ್ಸು ಹತ್ತಿದ. ಮೂರರಲ್ಲಿ ಎರಡು ಗೊತ್ತಿದ್ದರೆ ಮುಕ್ಕಾಲು ಗೊತ್ತಿದ್ದ ಹಾಗೆ ಎಂಬುದು ಅವನ ಲೆಕ್ಕ.

ಭೂಮಿ ಹುಣ್ಣಿಮೆ ಬಂತು. ತೆನೆ ಹಾಲುತುಂಬುವ ಆ ಕಾಲಕ್ಕೆ ಗದ್ದೆಯೆಂದರೆ ಬಸುರಿ ಹೆಂಗಸು. ಅವಳ ಬಯಕೆಗೆಂದು ಹಿಂದಿನ ರಾತ್ರಿಯೆಲ್ಲ ಬೇಯಿಸಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ತುಂಬಿ, ಬಿಸಿಲು ತೆನೆ ಮುಟ್ಟುವ ಮೊದಲು ಗದ್ದೆಗೆ ಒಯ್ದು ಉಣಿಸಬೇಕು. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ದುಗ್ಗಮ್ಮ ಒಂದು ಸಲವೂ ಹೊತ್ತು ಮೀರಿಸಿದವಳಲ್ಲ. ಜ್ವರ ಬಂದ ವರ್ಷವೂ ಕಂಬಳಿ ಹೊದ್ದು ಹೋಗಿದ್ದಳು. ಆಗ ಎಂಟು ಗದ್ದೆಗಳಿದ್ದವು, ಒಂದಲ್ಲದಿದ್ದರೆ ಇನ್ನೊಂದು ಮುನಿಸು ಮರೆಯುತ್ತಿತ್ತೇನೋ. ಈಗ ಇರುವುದು ಒಬ್ಬಳೇ. ಅವಳನ್ನು ಕಾಯಿಸಬಾರದು ಎಂದು ವಾರದಿಂದ ಹೇಳುತ್ತಿದ್ದಳು.

ಬುಟ್ಟಿಗೆ ಚಿತ್ತಾರ ಬರೆದು ಮುಗಿದಾಗ ಗಂಜಿ ಬೆರೆಸಿ ಅರೆದ ಅಕ್ಕಿಹಿಟ್ಟಿನ ಬಿಳಿ ಒಂದಿಷ್ಟು ಉಳಿಯಿತು. ಚೆಲ್ಲಲು ಮನಸ್ಸು ಬರಲಿಲ್ಲ. ಮೂಲೆಯಲ್ಲಿ ಎಂಜಿನ್ ಕೂತಿತ್ತು. ಬೈಸಿಕೊಂಡೂ ಬೈಸಿಕೊಂಡೂ ಸುಮ್ಮನೆ ಕೂತ ಅದನ್ನು ನೋಡಿ ದುಗ್ಗಮ್ಮನಿಗೆ ಕರುಣೆ ಬಂತು. ಹೇಗೂ ನಾಳೆ ತಾಯಿಯ ಊಟ ಹೊರುವುದು ಇದೇ ಅಲ್ಲವೇ ಎಂದುಕೊಂಡು, ಟ್ಯಾಂಕಿನ ಸುತ್ತ ಸಸಿಯ ಸಾಲು ಬರೆದಳು. ಮುಚ್ಚಳದ ಮೇಲೆ ಎಂಟು ಎಸಳಿನ ಹೂವು ಬರೆದಳು. ಮುಚ್ಚಳದ ನಟ್ಟನಡುವೆ ಸಾಸಿವೆ ಕಾಳಿನಷ್ಟು ಕುಳಿಯೊಂದಿತ್ತು. ಹೂವಿನ ನಡುವಿಗೆಂದೇ ಯಾರೋ ಇಟ್ಟ ಹಾಗಿದೆ ಎಂದು ಅದಕ್ಕೆ ದಪ್ಪನೆ ಒಂದು ಬೊಟ್ಟು ಇಟ್ಟಳು. ಬೆಳಗಾಗುವಷ್ಟರಲ್ಲಿ ಅದು ಒಣಗಿ ಕಲ್ಲಾಗಿತ್ತು.

ಚಂದ್ರ ಪಡುವಣದ ಗುಡ್ಡಕ್ಕೆ ಇಳಿಯುವ ಹೊತ್ತಿಗೆ ಮೂವರೂ ದಡದಲ್ಲಿದ್ದರು. ಮೂರನೆಯವನು ದುಗ್ಗಮ್ಮನ ತಮ್ಮ ಗುತ್ಯಪ್ಪ. ದೋಣಿಗೆ ಹುಟ್ಟು ಹಾಕುವುದರಲ್ಲಿ ಆ ದಡಕ್ಕೇ ಹೆಸರಾದವನು. ಎಂಜಿನ್ ಬಂದ ಮೇಲೆ ಕೆಲಸವಿಲ್ಲದೆ ನಾಲಿಗೆ ಹರಿತವಾಗಿತ್ತು. ಎರಡು ಹುಟ್ಟು ಹೆಗಲಿಗೇರಿಸಿಕೊಂಡೇ ಬಂದಿದ್ದ. ನಿಂಗಪ್ಪನಿಗೆ ಅದು ಸೇರಲಿಲ್ಲ.

“ಮದುವೆಗೆ ಹೊರಟೋರು ಚಟ್ಟ ಹೊತ್ಕಂಡು ಹೋಗ್ತಾರನಾ? ಅಲ್ಲೇ ಇಡು” ಎಂದ.

“ಇಟ್ಟೆ ಭಾವ. ವಾಪಸ್ ಬಂದಾಗ ಇಲ್ಲೇ ಇರ್ತಾವೆ. ನಾವು ಬರ್ತೀವಾ ಅಂತ ಮಾತ್ರ ಗೊತ್ತಿಲ್ಲ” ಎಂದ ಗುತ್ಯಪ್ಪ.

ಎಂಜಿನ್ ಮೊದಲ ಎಳೆತಕ್ಕೇ ಎದ್ದಿತು. ನಿಂಗಪ್ಪ ಮೈದುನನ ಕಡೆ ನೋಡಿದ ನೋಟದಲ್ಲಿ ಒಂದು ಎಮ್ಮೆಯಲ್ಲ, ಹತ್ತು ಎಮ್ಮೆಗಳ ಬೆಲೆ ವಸೂಲಾಗಿತ್ತು. ಸತ್ತ ಮರಗಳ ತುದಿಗಳು ನೀರಿನಿಂದ ಮೇಲೆದ್ದು ನಿಂತಿದ್ದವು. ಅವುಗಳ ನಡುವೆ ದೋಣಿ ಬಳಸಿ ಬಳಸಿ ಸಾಗಿತು. ದುಗ್ಗಮ್ಮ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸೌತೆಕಾಯಿ ಕಡುಬಿನ ಬಿಸಿ ಇನ್ನೂ ಬುಟ್ಟಿಯ ತಳದಲ್ಲಿತ್ತು.

ಕಾಲುಭಾಗ ಹೋಗುವಷ್ಟರಲ್ಲಿ ಎಂಜಿನ್ ಎರಡು ಸಲ ಬಿಕ್ಕಿ ನಿಂತುಹೋಯಿತು.

ನಿಂಗಪ್ಪ ಗಾಬರಿಯಾಗಲಿಲ್ಲ. ಮೊದಲನೆಯದು ಎಣ್ಣೆ ಎಂದು ಮುಚ್ಚಳ ತಿರುಗಿಸಿ ನೋಡಿದ. ಉಸ್ ಎಂದು ಸದ್ದಾಯಿತು. ಟ್ಯಾಂಕ್ ತುಂಬ ಪೆಟ್ರೋಲಿತ್ತು. ಮುಚ್ಚಿ ಹಗ್ಗ ಎಳೆದ, ಎದ್ದಿತು. ಏನೂ ಮಾಡದೆ ಎದ್ದದ್ದು ಹೇಗೆಂದು ಗುತ್ಯಪ್ಪ ಕೇಳಿದ್ದಕ್ಕೆ, ಯಜಮಾನ ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಆಳುಗಳ ಹಾಗೆ ಎಂದ. ಕಣ್ಣು ಹಾಯಿಸಿಕೊಂಡೇ ಇರು ಹಾಗಾದರೆ, ದಾರಿ ನಾನು ನೋಡುತ್ತೇನೆ ಎಂದ ಗುತ್ಯಪ್ಪ.

ಅರ್ಧ ದಾರಿಗೆ ಮತ್ತೆ ನಿಂತಿತು.

ಎಣ್ಣೆ ಆಗಲೇ ನೋಡಿಯಾಗಿದೆ, ಇದು ಎರಡನೆಯದು, ಕಿಡಿ ಎಂದು ನಿಂಗಪ್ಪ ನಿರ್ಧರಿಸಿದ. ಪ್ಲಗ್ ಬಿಚ್ಚಿ ಪಂಚೆಯ ಸೆರಗಿನಲ್ಲಿ ಒರೆಸಿದ, ಬೆಂಕಿಪೊಟ್ಟಣದ ಪಕ್ಕಕ್ಕೆ ತಿಕ್ಕಿದ, ಮತ್ತೆ ಹಾಕಿ ಎಳೆದ. ಏಳಲಿಲ್ಲ. ಹತ್ತು ಸಲ ಎಳೆದ, ಇಪ್ಪತ್ತು ಸಲ ಎಳೆದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕತೊಡಗಿತು. ಮೂಡಣ ಬೆಳ್ಳಗಾಗುತ್ತಿತ್ತು. ಗುತ್ಯಪ್ಪ ಕೂರುವ ಹಲಗೆ ಕಿತ್ತು ಒಂದು ಬದಿಯಿಂದ ನೀರು ಜಗ್ಗಿದ. ದೋಣಿ ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತು ಹಾಕಿತು.

“ಭಾವ, ಆ ಮೂರನೇದು ಎಂತ?”

“ಬಸ್ ಬಂತು ಅಂದೆನಲ್ಲ.”

“ಮುಂದಿನ ಬಸ್ಸಿಗೆ ಹೋಗಿದ್ರೆ ಆಗ್ತಿರ್ಲಿಲ್ವಾ?”

ದುಗ್ಗಮ್ಮ ನಗಲಿಲ್ಲ. ಬುಟ್ಟಿಯ ಮೇಲಿನ ಬಾಳೆಲೆಯನ್ನು ಸರಿಪಡಿಸಿದಳು. “ಬಸುರಿ ಅಲ್ಲಿ ದಾರಿ ನೋಡ್ತಿದಾಳೆ. ನಿಮ್ಮ ಮಾತು ಆಮೇಲಾಗ್ಲಿ” ಎಂದಳು.

ದೋಣಿ ತೇಲುತ್ತ ಒಂದು ಮರದ ತುದಿಗೆ ತಾಗಿತು. ಗುತ್ಯಪ್ಪ ಕೊಂಬೆ ಹಿಡಿದ. ಅವರ ಕಣದ ಬದಿಯ ಮತ್ತಿಮರ ಅದು. ಎಷ್ಟೋ ಸುಗ್ಗಿ ಅದರ ನೆರಳಿನಲ್ಲಿ ಕೂತು ಭತ್ತ ತೂರಿದ ದುಗ್ಗಮ್ಮ ಈಗ ಅದರ ನೆತ್ತಿಯ ಸಮಕ್ಕೆ ಕೂತಿದ್ದಳು. ಕೈ ಚಾಚಿ ಒಣಗಿದ ರೆಂಬೆಯನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡಳು. ಕೆಳಗಿರುವ ಏಳು ಮಂದಿಗೆ ಉಣಿಸುವ ಭಾಗ್ಯವಂತೂ ಹೋಯಿತು, ಮೇಲಿರುವ ಒಬ್ಬಳನ್ನು ತಪ್ಪಿಸಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಪೆಟ್ರೋಲಿಗೆ ನೀರು ಬೆರೆತಿರಬಹುದೇ ಎಂದು ನಿಂಗಪ್ಪ ಮತ್ತೆ ಮುಚ್ಚಳ ತಿರುಗಿಸಿದ. ಉಸ್.

ದುಗ್ಗಮ್ಮ ತಲೆಯೆತ್ತಿದಳು. ಆ ಸದ್ದು ಅವಳಿಗೆ ಗೊತ್ತಿತ್ತು. ಎಣ್ಣೆಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದರೆ ನಾಲ್ಕು ಹನಿ ಬಿದ್ದು ನಿಲ್ಲುತ್ತದೆ. ಎದುರು ಬದಿಗೆ ಮೊಳೆಯಿಂದ ಇನ್ನೊಂದು ತೂತು ಹೊಡೆದರೆ ಡಬ್ಬ ಹೀಗೇ ಉಸಿರೆಳೆದುಕೊಂಡು ಆಮೇಲೆ ಧಾರೆಯಾಗಿ ಸುರಿಯುತ್ತದೆ. ಮೊದಲ ಸಲ ಮುಚ್ಚಳ ತೆಗೆದಾಗಲೂ ಎಮ್ಮೆ ಉಸಿರೆಳೆದಿತ್ತು, ಆಗ ಎದ್ದಿತ್ತು. ಪ್ಲಗ್ ಒರೆಸುವಾಗ ಯಾರೂ ಮುಚ್ಚಳ ಮುಟ್ಟಿರಲಿಲ್ಲ, ಆಗ ಏಳಲಿಲ್ಲ. ಅವಳ ಕಣ್ಣು ಗಂಡನ ಕೈಯಲ್ಲಿದ್ದ ಮುಚ್ಚಳದ ಮೇಲೆ ಬಿತ್ತು. ಎಂಟು ಎಸಳಿನ ಹೂವು ಮುದ್ದಾಗಿತ್ತು. ನಡುವಿನ ಬೊಟ್ಟು ಆ ಸಾಸಿವೆಯಷ್ಟು ತೂತಿಗೆ ದುಂಡಗೆ, ಗಟ್ಟಿಯಾಗಿ ಕೂತಿತ್ತು.

ಹೇಳಿಬಿಡಲು ಬಾಯಿ ತೆರೆದಳು. ಎಮ್ಮೆ ಎಂದು ಆಡಿಕೊಂಡ ಆರು ತಿಂಗಳು ನೆನಪಾಗಿ ಮುಚ್ಚಿಕೊಂಡಳು.

“ಅದನ್ನ ಇಲ್ಲಿ ಕೊಡಿ” ಎಂದಳು. ಏಕೆಂದು ನಿಂಗಪ್ಪ ಕೇಳಿದ್ದಕ್ಕೆ, ದೇವರಿಗೆ ತೋರಿಸುತ್ತೇನೆ ಎಂದಳು.

ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಸೆರಗು ಮುಚ್ಚಿಕೊಂಡು, ಮೂಡಣಕ್ಕೆ ತಿರುಗಿ ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು. ಸೆರಗಿನಡಿಯಲ್ಲಿ ಮುಡಿಯಿಂದ ಕಿತ್ತ ಪಿನ್ನು ಹೂವಿನ ನಡುವನ್ನು ಕೊರೆಯುತ್ತಿತ್ತು. ದೇವರಿಗೆ ಎರಡೂ ಕೆಲಸ ಕಾಣುತ್ತಿದ್ದವು, ಸಂಶಯವಿಲ್ಲ. ತುಸು ಹೊತ್ತಿಗೆ ಮುಚ್ಚಳವನ್ನು ಹಿಂದಕ್ಕೆ ಕೊಟ್ಟಳು.

ಎಂಜಿನ್ ಎರಡನೆಯ ಎಳೆತಕ್ಕೆ ಎದ್ದಿತು. ಬಿಕ್ಕಲಿಲ್ಲ, ನಿಲ್ಲಲಿಲ್ಲ. ಗುತ್ಯಪ್ಪ ಹಲಗೆ ಕೆಳಗಿಟ್ಟು ಅಕ್ಕನಿಗೆ ಕೈಮುಗಿದ. ದಡ ಮುಟ್ಟುವವರೆಗೂ ಅವನ ಬಾಯಿ ನಿಲ್ಲಲಿಲ್ಲ. ಅಕ್ಕನ ಬಾಯಲ್ಲಿ ಇಂಥ ಶಕ್ತಿಯಿದೆಯೆಂದು ತನಗೇ ಗೊತ್ತಿರಲಿಲ್ಲ, ಆನಂದಪುರದ ಗಿರಣಿ ತಿಂಗಳಿಗೆರಡು ಸಲ ಕೆಡುತ್ತದೆ, ಸೀತಾರಾಮಪ್ಪನಿಗೆ ಇವತ್ತೇ ಹೇಳಿಕಳಿಸಬೇಕು ಎಂದ. ನಿಂಗಪ್ಪನೂ ಹೌದೆಂದು ತಲೆಯಾಡಿಸಿದ. ದುಗ್ಗಮ್ಮನ ಮುಖ ಬುಟ್ಟಿಯ ಕೆಮ್ಮಣ್ಣಿಗಿಂತ ಕೆಂಪಾಗಿತ್ತು.

ಬಿಸಿಲು ಆಗ ಅತ್ತಿಮರದ ತುದಿಯಲ್ಲಿತ್ತು. ತೆನೆಗೆ ಇಳಿಯಲು ಇನ್ನೂ ಎರಡಾಳೆತ್ತರ ಬಾಕಿ. ಮೂವರೂ ಓಡಿದರು. ಬದುವಿನ ಮೇಲೆ ಎಡೆ ಬಡಿಸಿ, ಒಂದಿಷ್ಟನ್ನು ಗದ್ದೆಯ ಮೂಲೆ ಮೂಲೆಗೆ ಬೀರಿ, ಒಂದು ಕಡುಬನ್ನು ಮಣ್ಣಿನಲ್ಲಿ ಹೂಳಲು ದುಗ್ಗಮ್ಮ ಮಂಡಿಯೂರಿದಳು. ಗುಂಡಿ ತೋಡಿದ ಕೈ ಅಲ್ಲೇ ನಿಂತಿತು. ಸಲ್ಲದ ಹೆಸರು ಹೊತ್ತುಕೊಂಡು ಬಸುರಿಗೆ ತುತ್ತಿಡುವುದು ಹೇಗೆ?

“ತಾಯಿ, ಕಾಯಿಸಿದ್ದು ಎಮ್ಮೆ ಅಲ್ಲ, ನಾನು” ಎಂದಳು, ಹಿಂದಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ. “ಅದರ ಮೂಗಿನ ಮೇಲೆ ಹೂವು ಬರ್ದು ಉಸಿರು ಕಟ್ಟಿಸಿದ್ದೆ. ಪಿನ್ನಲ್ಲಿ ಬಿಡಿಸ್ದೆ. ಮಂತ್ರ ಗಿಂತ್ರ ಎಂತ ಇಲ್ಲ.” ಕಡುಬನ್ನು ಹೂಳಿ ಮಣ್ಣು ಮುಚ್ಚಿದಳು. ಬಿಸಿಲು ಆಗ ತೆನೆಯ ಮೇಲೆ ಇಳಿಯಿತು.

ಗುತ್ಯಪ್ಪ ಭಾವನ ಮುಖ ನೋಡಿದ. ಆಡಿಕೊಂಡ ಆರು ತಿಂಗಳ ಬಡ್ಡಿ ವಸೂಲಾಗುವ ಗಳಿಗೆ ಎಂದು ಕಾದ. ನಿಂಗಪ್ಪ ಗದ್ದೆಯ ಕಡೆ ತಿರುಗಿದ.

“ಗಾಳಿ” ಎಂದ. “ಮೂರನೇದು ಗಾಳಿ. ಬಸ್ಸಿನ ಕಿಟಕೀಲಿ ಕೂತಾಗ ಮಿಸ್ತ್ರಿ ಕೂಗಿ ಹೇಳಿದ್ದ. ಗಾಳಿ ಬೀಸ್ತದೆ, ಕಿಟಕಿ ಮುಚ್ಚು ಅಂದ ಅಂದ್ಕಂಡು ಮುಚ್ಚಿದ್ದೆ.”

ದುಗ್ಗಮ್ಮ ಮೊದಲು ನಕ್ಕಳು. ಆಮೇಲೆ ಮೂವರೂ ಬದುವಿನ ಮೇಲೆ ಕೂತು ತಾಯಿ ಉಂಡು ಉಳಿದದ್ದನ್ನು ಉಂಡರು. ಕಡುಬು ಆರಿತ್ತು, ರುಚಿ ಹೋಗಿರಲಿಲ್ಲ.

ಹೊರಡುವಾಗ ನಿಂಗಪ್ಪ ಹಗ್ಗ ಸುತ್ತಿ, ಎಳೆಯುವ ಮೊದಲು ಹೆಂಡತಿಯ ಕಡೆ ತಿರುಗಿ, ಹೂವಿನ ಎಸಳು ಚೆನ್ನಾಗಿ ಬಂದಿದೆ, ಅಳಿಸಬೇಡ, ಬರುವ ವರ್ಷ ನಡುವಿನ ಬೊಟ್ಟೊಂದು ಬಿಟ್ಟು ಬರೆ ಎಂದ. ಆಗಲಿ ಎಂದಳು ದುಗ್ಗಮ್ಮ. ಬರಿದಾದ ಬುಟ್ಟಿಯನ್ನು ಮಡಿಲಿಗಿಟ್ಟುಕೊಂಡು, “ಬಿಸಿಲೇರ್ತು, ಎಮ್ಮೆ ಎಬ್ಬಿಸಿ” ಎಂದಳು.