ಕೋರ್ಟಿನಲ್ಲಿ ನಿಲ್ಲದ ಕಾಗದ

"ನಲವತ್ತು ಸಾಲಲ್ಲ ಸಾರ್, ಇನ್ನೊಂದು ನಲವತ್ತು ತರ್ಲಾ?" ಎಂದು ಬಾಡಿಗೆ ಕುರ್ಚಿಯವನು ಗೇಟಿನಿಂದಲೇ ಕೂಗಿದಾಗ ಕರಾರು ವಕೀಲರು ಎರಡು ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಅಂಗಳದಲ್ಲಿ ಜಾಗ ಹುಡುಕುತ್ತಿದ್ದರು. ನಲವತ್ತು ಸಾಕೆಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದವರು ಅವರೇ.

"ತಗೊಂಡು ಬಾ," ಎಂದರು. ನನ್ನ ಸರದಿ ಬಂದಾಗ ಇಪ್ಪತ್ತು ಹಾಕಿಸಿದರೂ ಅರ್ಧ ಖಾಲಿ ಉಳಿಯುತ್ತವೆ ಎಂಬ ಲೆಕ್ಕ ಒಳಗೆ ಆಗಲೇ ನಡೆದಿತ್ತು. ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತು ಇರುವುದಿಲ್ಲ. ಸಾವಿನ ಮನೆಯಲ್ಲೂ ಅದು ಕುರ್ಚಿ ಎಳೆದುಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತದೆ.

ಒಳಗೆ ನಡುಮನೆಯಲ್ಲಿ ಮಲಗಿದ್ದವರು ನಾಳೆ ವಕೀಲರು. ಫೀಸು ಎಷ್ಟೆಂದು ಯಾರು ಕೇಳಿದರೂ "ನಾಳೆ ನೋಡೋಣ ಬಿಡಿ" ಎನ್ನುತ್ತಿದ್ದುದರಿಂದ ಕೋರ್ಟಿನ ಆವರಣವೆಲ್ಲ ಅವರನ್ನು ಹಾಗೆ ಕರೆಯುತ್ತಿತ್ತು. ಕರಾರು ವಕೀಲರದು ಇದಕ್ಕೆ ತದ್ವಿರುದ್ಧ. ಕಕ್ಷಿದಾರ ಕೂತು ಉಸಿರು ಬಿಡುವ ಮೊದಲೇ ಫೀಸಿನ ಕರಾರು ಅವನ ಮುಂದಿರುತ್ತಿತ್ತು, ಪಕ್ಕದಲ್ಲಿ ಮುಚ್ಚಳ ತೆಗೆದ ಪೆನ್ನು. ಇಬ್ಬರೂ ಇಪ್ಪತ್ತೆಂಟು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಫ್ಯಾನಿನ ಕೆಳಗೆ, ಎದುರುಬದುರು ಮೇಜು ಹಾಕಿಕೊಂಡು ವಕಾಲತ್ತು ಮಾಡಿದವರು.

"ಏನು ಎಣಿಸ್ತಿದ್ದೀರಿ?" ನಾಳೆ ವಕೀಲರ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು. ಅತ್ತೂ ಅತ್ತೂ ಕಣ್ಣು ಊದಿತ್ತು. ದನಿ ಮಾತ್ರ ಎಂದಿನದೇ.

"ಏನಿಲ್ಲ ಅತ್ತಿಗೆ. ಜನ ಬಹಳ ಬಂದಿದ್ದಾರೆ."

"ಬರ್ದೆ ಏನು? ಇವರಲ್ಲಿ ಅರ್ಧ ಜನ ಫೀಸು ಬಾಕಿ ಇಟ್ಟೋರು. ನಮ್ಮನೆಯವರು ಬದುಕಿದ್ದಾಗ ನನ್ನ ಕಂಡ್ರೆ ಆ ಕಡೆ ಬೀದಿಗೆ ದಾಟ್ತಿದ್ರು, ಇವತ್ತು ಧೈರ್ಯವಾಗಿ ಬಂದು ಕೂತಿದ್ದಾರೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನು ಶಾಲೆಯಲ್ಲಿ ಪಾಠ ಹೇಳ್ದೆ ಇದ್ದಿದ್ರೆ ಈ ಮನೆ ನಡೀತಿರಲಿಲ್ಲ. ಮೊನ್ನೆ ಕೂಡ ಹೇಳ್ದೆ, ಬಾಯಿಬಿಟ್ಟು ಕೇಳ್ರೀ ಅಂತ. ಫೈಲಿಗೆ ದಾರ ಕಟ್ಟುತ್ತಾ ಕೂತಿದ್ರು. ಏನಂದ್ರು ಗೊತ್ತಾ? 'ಎದುರು ಮೇಜಿನವನ ಬಾಯಲ್ಲಿ ಇಷ್ಟು ಕೊಡಿ ಅಂತ ಎಷ್ಟು ಸಲೀಸಾಗಿ ಬರುತ್ತೆ ಕಣೇ! ಅವನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ' ಅಂದ್ರು."

ಸತ್ತವನಿಗೂ ಹೊಟ್ಟೆ ಉರಿಯುತ್ತಿತ್ತು ಎಂಬುದು ಕರಾರು ವಕೀಲರಿಗೆ ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆಯೇ, ಅಷ್ಟು ಸಲೀಸಾಗಿ ಅದನ್ನು ಹೆಂಡತಿಗೆ ಹೇಳಿಕೊಂಡನಲ್ಲ ಎಂದು ಹೊಸದಾಗಿ ಉರಿಯಿತು. ತಮ್ಮ ಉರಿಯನ್ನು ಅವರು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಅಷ್ಟರಲ್ಲಿ ಗೇಟು ತೆರೆದು ಬೇಕರಿಯವನು ಒಳಗೆ ಬಂದ. ಬೆಳಗಿನಿಂದ ಅವರು ಕಾಯುತ್ತಿದ್ದುದು ಅವನನ್ನೇ.

*

ಅಪ್ಪ ಬಿಟ್ಟುಹೋದ ಬೇಕರಿಯನ್ನು ಅಣ್ಣನೊಬ್ಬನೇ ನುಂಗಲು ಹೊರಟಾಗ ಬೇಕರಿಯವನು ಕರಾರು ವಕೀಲರ ಬಳಿ ಬಂದಿದ್ದ. ನಾಲ್ಕು ವರ್ಷದಲ್ಲಿ ಒಪ್ಪಿದ ಫೀಸು ಮುಗಿಯಿತು, ಕೇಸು ಮುಗಿಯಲಿಲ್ಲ. ಬೇಕರಿಯವನು ಸಾಕ್ಷಿ ನುಡಿಯುವ ಹಿಂದಿನ ದಿನ ಕರಾರು ವಕೀಲರು ಹೊಸ ಕಾಗದ ಮುಂದಿಟ್ಟರು: ಗೆದ್ದರೆ ಬೇಕರಿಯ ಬೆಲೆಯಲ್ಲಿ ಕಾಲು ಪಾಲು ವಕೀಲರಿಗೆ. ಅವನು ಓದಲೂ ಇಲ್ಲ, ಸಹಿ ಹಾಕಿದ. ಬೆಳಗಾದರೆ ಕಟಕಟೆ ಹತ್ತಬೇಕಾದವನು ತನ್ನ ವಕೀಲನ ಜೊತೆ ಚೌಕಾಸಿ ಮಾಡುತ್ತಾನೆಯೇ?

ಆರನೇ ವರ್ಷ ಗೆದ್ದರು. ಪಾಲು ಬರಲಿಲ್ಲ. ಕರಾರು ವಕೀಲರು ದಾವೆ ಹೂಡಿದರು. ಒಂದು ತಿಂಗಳ ಮೇಲೆ ಬೇಕರಿಯವನು ನೋಟಿಸು ಹಿಡಿದುಕೊಂಡು ಅದೇ ಕೋಣೆಗೆ ಬಂದ. ಬಂದವನು ಎದುರು ಮೇಜಿನ ಮುಂದೆ ಕೂತ.

"ಏನಯ್ಯಾ ಇದು? ನನ್ನ ಮೇಲೇನಾ?" ಎಂದರು ಕರಾರು ವಕೀಲರು.

"ಇವನ ಕೇಸು ಯಾರಾದ್ರೂ ಹಿಡೀಲೇಬೇಕಲ್ಲ ಕಣಯ್ಯಾ," ಎಂದು ನಾಳೆ ವಕೀಲರು ತಲೆ ಎತ್ತದೆ ವಕಾಲತ್ತುನಾಮೆಗೆ ಸಹಿ ಹಾಕಿದರು.

ಕೋರ್ಟಿನಲ್ಲಿ ಅವರು ಕೇಳಿದ್ದು ಮೂರೇ ಪ್ರಶ್ನೆ. ಈ ಕರಾರಿಗೆ ಸಹಿ ತೆಗೆದುಕೊಂಡದ್ದು ಯಾವತ್ತು? ಆ ಹೊತ್ತಿನಲ್ಲಿ ಇವನು ಬೇರೆ ವಕೀಲರನ್ನು ಹಿಡಿಯಲು ಸಾಧ್ಯವಿತ್ತೇ? ಸಹಿ ಹಾಕುವ ಮುಂಚೆ ಇನ್ನೊಬ್ಬರಿಗೆ ತೋರಿಸು ಎಂದು ಹೇಳಿದಿರಾ? ಕರಾರು ವಕೀಲರು ಮೂರಕ್ಕೂ ನಿಜವನ್ನೇ ಹೇಳಿದರು, ಬೇರೆ ದಾರಿ ಇರಲಿಲ್ಲ.

ಕೇಸಿನ ನಡುವೆ, ಕಕ್ಷಿದಾರನ ಜುಟ್ಟು ವಕೀಲರ ಕೈಯಲ್ಲಿದ್ದಾಗ ಬರೆಸಿಕೊಂಡ ಕರಾರು ನಿಲ್ಲುವುದಿಲ್ಲ, ಗೆದ್ದ ಆಸ್ತಿಯಲ್ಲಿ ಪಾಲು ಕೇಳುವುದಂತೂ ಮೊದಲೇ ನಿಲ್ಲುವುದಿಲ್ಲ ಎಂದರು ನ್ಯಾಯಾಧೀಶರು. ಆದರೂ ದುಡಿದವರನ್ನು ಬರಿಗೈಯಲ್ಲಿ ಕಳಿಸಬಾರದು, ಮಾಡಿದ ಕೆಲಸಕ್ಕೆ ತಕ್ಕಷ್ಟು ಕೊಡತಕ್ಕದ್ದು ಎಂದು ಒಂದು ಮೊತ್ತ ಗೊತ್ತುಮಾಡಿದರು. ಕೇಳಿದ್ದರ ಐದನೇ ಒಂದು ಭಾಗವೂ ಅದಿರಲಿಲ್ಲ. ಆ ಸಂಜೆಯೇ ಬೇಕರಿಯವನು ತಂದು ಕೊಟ್ಟ. ಹೆದರಿಕೊಂಡು ಕೊಟ್ಟ ಎಂದುಕೊಂಡರು ಕರಾರು ವಕೀಲರು.

ಕಳೆದುಕೊಂಡದ್ದನ್ನು ಅವರು ಮರೆತುಬಿಡುತ್ತಿದ್ದರೇನೋ. ಮರೆಯಲು ಬಿಡದಿದ್ದುದು ಬ್ರೆಡ್ಡು. ಮಾರನೆಯ ದಿನದಿಂದ ಪ್ರತಿ ಬೆಳಿಗ್ಗೆ ಬೇಕರಿಯಿಂದ ಒಂದು ಬಿಸಿ ಬ್ರೆಡ್ಡು ಎದುರು ಮೇಜಿಗೆ ಬರತೊಡಗಿತು. ಆರು ವರ್ಷ ಕತ್ತೆಯ ಹಾಗೆ ದುಡಿದು ಗೆಲ್ಲಿಸಿಕೊಟ್ಟವನು ನಾನು, ಬ್ರೆಡ್ಡು ಅವನಿಗೆ! ನಾಳೆ ವಕೀಲರು ಅರ್ಧ ಮುರಿದು ಚಾಚಿದರೆ "ನಂಗೆ ಸಕ್ಕರೆ ಕಾಯಿಲೆ" ಎಂದು ಸುಳ್ಳು ಹೇಳಿದರು. ಹೇಳಿದ್ದಕ್ಕೆ ಅಂಟಿಕೊಂಡು ಹತ್ತೊಂಬತ್ತು ವರ್ಷ ಸಕ್ಕರೆಯಿಲ್ಲದ ಕಾಫಿ ಕುಡಿದರು.

"ಅವನ ಹತ್ರ ಎಷ್ಟು ಫೀಸು ತಗೊಂಡೆ?" ಎಂದು ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದರು.

"ನಾಳೆ ಹೇಳ್ತೀನಿ ಬಿಡಯ್ಯಾ."

ತೆಗೆದುಕೊಂಡಿದ್ದರೆ ಅವನೂ ನನ್ನಂಥವನೇ, ಅಲ್ಲಿಗೆ ಸಮಾಧಾನ. ತೆಗೆದುಕೊಂಡಿರದಿದ್ದರೆ ಬದುಕುವುದು ಹೇಗೆ? ಕರಾರು ವಕೀಲರಿಗೆ ತಿಳಿಯಬೇಕಾಗಿದ್ದುದು ಇಷ್ಟೇ. ಹೇಳಬೇಕಾದವನು ನಾಳೆ ಎನ್ನುತ್ತಲೇ ಹೋಗಿಬಿಟ್ಟ.

*

ಬೇಕರಿಯವನು ನಡುಮನೆಗೆ ಹೋಗಿ, ನಾಳೆ ವಕೀಲರ ಕಾಲು ಮುಟ್ಟಿ, ಕಣ್ಣೊರೆಸಿಕೊಂಡು ಹೊರಗೆ ಬಂದ. ಕರಾರು ವಕೀಲರು ಅವನ ರಟ್ಟೆ ಹಿಡಿದು ನೀರಿನ ತೊಟ್ಟಿಯ ಹಿಂದಕ್ಕೆ ಕರೆದೊಯ್ದರು.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಅವತ್ತು ಇವನಿಗೆ ಫೀಸು ಎಷ್ಟು ಕೊಟ್ಟೆ?"

ಬೇಕರಿಯವನು ನಡುಮನೆಯ ಕಡೆ ತಿರುಗಿ ನೋಡಿದ. ಸತ್ತವರು ಎದ್ದು ಬಂದಾರೇನೋ ಎಂಬ ಅಳುಕು ಅವನ ಮುಖದಲ್ಲಿತ್ತು. "ಈಗ ಹೇಳಬಹುದಾ ಸಾರ್? ಕರಾರು ಆಗಿದೆ."

"ಕರಾರಾ? ಇವನಾ? ಕರಾರು ಬರೆದನಾ?"

"ಒಂದೇ ಒಂದು. ಅಕ್ಕೋರಿಗೆ ವಾಪಸ್ ಕೊಟ್ಟುಬಿಡೋಣ ಅಂತ ತಂದಿದ್ದೀನಿ." ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದ. "ನಿಮ್ಮ ನೋಟಿಸು ಬಂದಾಗ ಮೊದ್ಲು ಬೇರೆ ವಕೀಲರ ಹತ್ರ ಹೋಗಿದ್ದೆ ಸಾರ್. ಪಾಲು ಬರೆಸ್ಕೊಳ್ಳೋದೇ ತಪ್ಪು, ವಕೀಲರ ಪರಿಷತ್ತಿಗೆ ದೂರು ಕೊಡು, ಅವರ ವಕೀಲಿ ಸನ್ನದು ಕಿತ್ತು ಹಾಕಿಸ್ತೀನಿ ಅಂದ್ರು ಅವರು. ದೂರು ಟೈಪಾಗಿತ್ತು. ಸಹಿ ಒಂದು ಬಾಕಿ. ಅದು ಹೇಗೆ ಗೊತ್ತಾಯ್ತೋ, ಇವರು ಸೀದಾ ನಮ್ಮಂಗಡಿಗೇ ಬಂದ್ರು."

ಕವರಿನೊಳಗೆ ಮಡಿಕೆ ಹರಿದ ಒಂದು ಹಾಳೆ. ನಾಳೆ ವಕೀಲರ ಕೋಳಿಕಾಲಿನ ಅಕ್ಷರ.

"ಈ ಕೇಸಿಗೆ ನನ್ನ ಫೀಸು ಇಷ್ಟೇ. ದೂರು ಕೊಡಕೂಡದು. ಕೋರ್ಟು ಎಷ್ಟು ಹೇಳುತ್ತದೋ ಅಷ್ಟನ್ನೂ ಅದೇ ದಿನ ಅವನ ಕೈಗೆ ಕೊಡಬೇಕು. ನಾನಿರುವವರೆಗೆ ಈ ಮಾತು ಅವನ ಕಿವಿಗೆ ಬೀಳಕೂಡದು."

ಕರಾರು ವಕೀಲರು ಮೊದಲು ಓದಿದ್ದು ವಕೀಲರಾಗಿಯೇ. ತಾರೀಖಿಲ್ಲ. ಛಾಪಾ ಕಾಗದವಲ್ಲ. 'ಸಾಕ್ಷಿ' ಎಂದು ಬರೆದು ಮುಂದೆ ಖಾಲಿ ಬಿಟ್ಟಿದೆ. ಅದಕ್ಕಿಂತ ಹೆಚ್ಚಾಗಿ, ತನ್ನ ಕಕ್ಷಿದಾರನ ಕೈಯಲ್ಲಿ ಎದುರುಪಕ್ಷದವನನ್ನು ಕಾಪಾಡಿಸುವ ವಕೀಲ! ಇದು ಹೊರಗೆ ಬಂದಿದ್ದರೆ ಇವನ ಸನ್ನದೇ ಹೋಗುತ್ತಿತ್ತು. ಸಿಕ್ಕಿಬಿದ್ದೆಯಲ್ಲಯ್ಯಾ ಎಂದು ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು.

"ಇದು ಕೋರ್ಟಲ್ಲಿ ನಿಲ್ಲುತ್ತಾ ಸಾರ್?"

"ಒಂದು ನಿಮಿಷಾನೂ ನಿಲ್ಲಲ್ಲ."

"ಅಯ್ಯೋ ದೇವರೇ," ಎಂದ ಬೇಕರಿಯವನು. "ಬಾಯಿಬಿಟ್ರೆ ಕೋರ್ಟಿಗೆ ಎಳೀತಾರೆ ಅಂತ ಹತ್ತೊಂಬತ್ತು ವರ್ಷ ಹೆದ್ರಿಕೊಂಡೇ ಇದ್ನಲ್ಲ ಸಾರ್! ಆ ಬ್ರೆಡ್ಡೂ ಇಬ್ರಿಗೂ ಅಂತಲೇ ಕಳಿಸ್ತಿದ್ದೆ. ನಿಮಗೆ ಸಕ್ಕರೆ ಕಾಯಿಲೆ ಅಂದ್ರು."

ಖುಷಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕರಾರು ವಕೀಲರು ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ಕೂತರು. ತಮ್ಮ ಬೀರುವಿನಲ್ಲಿ ಮುನ್ನೂರಕ್ಕೂ ಮಿಕ್ಕಿ ಕರಾರುಗಳಿದ್ದವು. ಒಂದೊಂದಕ್ಕೂ ತಾರೀಖು, ಛಾಪಾ, ಇಬ್ಬಿಬ್ಬರು ಸಾಕ್ಷಿ. ಅವುಗಳಲ್ಲಿ ಯಾವುದನ್ನೂ ಯಾರೂ ಇಷ್ಟು ವರ್ಷ ಎದೆಯ ಜೇಬಿನಲ್ಲಿ ಕಾಪಾಡಿರಲಿಲ್ಲ. ಇದರಲ್ಲೂ ಇವನೇ ಗೆದ್ದ ಎಂದು ಸಿಟ್ಟು ಬಂತು. ಸಿಟ್ಟಿನಲ್ಲೇ ಅಳು ಬಂತು. ಬೇಕರಿಯವನ ಮುಂದೆ ಅಳಬೇಕಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಬೀದಿಯಲ್ಲಿ ಶವದ ಗಾಡಿ ಬಂದು ನಿಂತಿತು. ಜನ ಎದ್ದರು. ಎಂಬತ್ತು ಕುರ್ಚಿ ಒಟ್ಟಿಗೆ ಹಿಂದಕ್ಕೆ ಸರಿದವು.

"ಎಲ್ಲಿದ್ದೀರಿ? ಹೆಗಲು ಕೊಡೋಕೆ ನಿಮ್ಮನ್ನೇ ಕಾಯ್ತಿದ್ದಾರೆ," ಎಂದು ಅತ್ತಿಗೆಯ ದನಿ ಕೇಳಿಸಿತು.

"ಬಂದೆ ಅತ್ತಿಗೆ."

ಅವರು ಎದ್ದು, ಕೂತಿದ್ದ ಕುರ್ಚಿಯ ಮೇಲೆಯೇ ಹಾಳೆಯನ್ನು ಅಂಗೈಯಿಂದ ಸಮಮಾಡಿ ಹಾಸಿ, ಮೊಣಕಾಲೂರಿ ಪೆನ್ನಿನ ಮುಚ್ಚಳ ತೆಗೆದರು. 'ಸಾಕ್ಷಿ' ಎಂದಿದ್ದ ಕಡೆ ಸಹಿ ಹಾಕಿ, ಕೆಳಗೆ ಆ ದಿನದ ತಾರೀಖು ಬರೆದರು. ಬೇಕರಿಯವನು ಬಗ್ಗಿ ನೋಡಿದ. ಹೊಸ ಸಹಿ ಮೇಲಿದ್ದ ನಾಳೆ ವಕೀಲರ ಸಹಿಗಿಂತ ಎರಡು ಪಟ್ಟು ದೊಡ್ಡದಾಗಿತ್ತು, ಇನ್ನೂ ಒದ್ದೆಯಾಗಿತ್ತು.