ಭಾವ ಹಾಕಿದ ಸ್ಪ್ರಿಂಗ್

ಕೋವಿಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಬೋಲ್ಟ್ ಬಿಚ್ಚಿ ಬೇರೆ ಚೀಲಕ್ಕೆ ಹಾಕಿಕೊಂಡು ಅವಳು ಬಸ್ಸು ಹತ್ತಿದಳು. ಪಕ್ಕದ ಸೀಟಿನವಳು "ಏನಮ್ಮಾ ಅದು, ಮಡಿಸೋ ಮಂಚಾನಾ?" ಎಂದು ಕೇಳಿದಳು. ಹೌದು ಎಂದಳು. ನಗೆಯೂ ಬರಲಿಲ್ಲ, ಸುಳ್ಳು ಹೇಳಿದೆನಲ್ಲ ಎಂಬ ಅಳುಕೂ ಬರಲಿಲ್ಲ. ಗಂಡನ ಕಾಲು ಹೋದ ದಿನದಿಂದ ಅವಳಿಗೆ ಯಾವುದೂ ಬರುತ್ತಿರಲಿಲ್ಲ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳದು ರಾತ್ರಿ ಪಾಳಿ. ಗಂಡ ಮಲಗಿದ್ದ ವಾರ್ಡಿನ ಹಾಸುಗಳೂ ಅವಳ ಮೆಷಿನ್ನಿಗೇ ಬಂದವು. ಜೊತೆಯವರು ಕಣ್ಣೊರೆಸಿಕೊಂಡರು, ಇವಳು ಸೋಪಿನ ಪುಡಿ ಅಳೆದು ಹಾಕಿದಳು. ಎಮ್ಮೆ ಮೇಲೆ ಮಳೆ ಸುರಿದ ಹಾಗಿದ್ದಾಳೆ ಎಂದು ಹಿಂದಿನಿಂದ ಆಡಿಕೊಂಡವರಿಗೇನೂ ಕಡಿಮೆಯಿರಲಿಲ್ಲ. ಆಡುವವರ ಬಾಯಿಗೆ ಬೀಗ ಹಾಕಲಾದೀತೇ?

ನಡೆದದ್ದಿಷ್ಟು. ಗಂಡ ಆಲೂಗಡ್ಡೆ ಹೊಲಗಳ ಕಾವಲಿನವನು, ಲೈಸೆನ್ಸು ಇಟ್ಟುಕೊಂಡು ಕಾಡುಹಂದಿ ಹೊಡೆಯುವವನು. ಅಂದು ಮೊದಲ ಗುಂಡು ಹಂದಿಯ ಭುಜ ಸವರಿಕೊಂಡು ಹೋಯಿತು. ಹಂದಿ ತಿರುಗಿ ನುಗ್ಗಿತು. ಅವನು ಮುಂದಿನ ತೋಟೆ ತುಂಬುವ ಬೋಲ್ಟ್ ಎಳೆದು, ತಳ್ಳಿ, ಟ್ರಿಗರ್ ಒತ್ತಿದರೆ ಬರೀ ಟಕ್ ಎಂದಿತು. ಎರಡನೇ ತೋಟೆ, ತೋಟೆಗಳನ್ನು ತುಂಬಿಡುವ ಮ್ಯಾಗಜೀನಿನಲ್ಲೇ ಉಳಿದಿತ್ತು, ನಳಿಗೆಗೆ ಹೋಗಿರಲೇ ಇಲ್ಲ. ಜೊತೆಯವರು ಓಡಿಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ತೋಟೆಗಳನ್ನು ಮೇಲಕ್ಕೆ ದೂಡುವ ಸ್ಪ್ರಿಂಗನ್ನು ಆ ಹಂಗಾಮಿನ ಮೊದಲಲ್ಲಿ ಹೊಸದಾಗಿ ಹಾಕಿಕೊಟ್ಟವನು ಭಾವ, ಗಂಡನ ಒಡಹುಟ್ಟಿದ ಅಣ್ಣ. ಬೀಗ ರಿಪೇರಿ ಅವನ ಕಸುಬು, ಕೆಳಗಿನ ಮನೆಯಲ್ಲೇ ವಾಸ. "ಅಣ್ಣ ಹಾಕಿದ ಸ್ಪ್ರಿಂಗ್ ಕೈಕೊಡ್ತು" ಎಂದು ಗಂಡ ಒಮ್ಮೆ ಅಂದವನು ಆಮೇಲೆ ಅಣ್ಣನ ಜೊತೆ ಮಾತೇ ಬಿಟ್ಟ. ಅಂದಿನಿಂದ ಭಾವ ಮೆಟ್ಟಿಲು ಹತ್ತಿಲ್ಲ. ಊಟದ ಡಬ್ಬಿಯನ್ನು ಮೆಟ್ಟಿಲ ಬುಡದಲ್ಲಿಟ್ಟು, ಬಾಗಿಲು ಬಡಿಯುವವನಂತೆ ಕೆಮ್ಮಿ ಹೋಗುತ್ತಿದ್ದ. ಕೊನೆಗೆ ಅವನೇ ಅವಳನ್ನು ತಡೆದು ಹೇಳಿದ್ದ: "ಕೋವಿ ರಿಪೇರಿ ಅಜ್ಜನ ಹತ್ರ ತೋರಿಸ್ಕೊಂಡು ಬಾಮ್ಮ. ನನ್ನ ತಪ್ಪಾದ್ರೆ ಈ ಮನೆ ಬಿಟ್ಟು ಹೋಗ್ತೀನಿ. ಅಲ್ಲ ಅಂದ್ರೆ ಅವನು ಒಂದ್ಸಲ ನನ್ನ ಮುಖ ನೋಡ್ಲಿ, ಸಾಕು."

ಅಜ್ಜನ ಅಂಗಡಿಯೆಂದರೆ ಸೈಕಲ್ ಅಂಗಡಿಯ ಹಿಂದಿನ ಒಂದು ಕೋಣೆ, ಎಣ್ಣೆಯ ವಾಸನೆ. ಅಜ್ಜ ಮ್ಯಾಗಜೀನನ್ನು ಕೈಗೆತ್ತಿಕೊಂಡು ಅವಳನ್ನೊಮ್ಮೆ ನೋಡಿದ.

"ಇಲ್ಲಿಗೆ ಬರೋರೆಲ್ಲ ಕೋವೀದೇ ತಪ್ಪು ಅಂತಾರಮ್ಮ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನೋಡೋಣ, ನಿಜವಾಗ್ಲೂ ನೆಲವೇ ಡೊಂಕಿದ್ರೂ ಇರಬಹುದು."

ಸ್ಪ್ರಿಂಗ್ ಒತ್ತಿ ಬಿಟ್ಟ. ಚಂಗನೆ ಮೇಲೆದ್ದಿತು. ಅದರ ಮೇಲಿನ ತಗಡು ಎಲ್ಲೂ ಓರೆಯಾಗದೆ ಜಾರುತ್ತಿತ್ತು. ತೋಟೆಯನ್ನು ಹಿಡಿದಿಡುವ ಮ್ಯಾಗಜೀನಿನ ಎರಡು ಅಂಚುಗಳನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ. ಒಂದು ಅಂಚು ಬಾಗಿದರೂ ತೋಟೆ ಮೂತಿ ಸೊಟ್ಟ ಮಾಡಿಕೊಂಡು ಸಿಕ್ಕಿಬೀಳುತ್ತದಂತೆ. ಬಾಗಿರಲಿಲ್ಲ. ನಳಿಗೆಯ ಬಾಯಲ್ಲಿ ಕಿಲುಬಿದೆಯೇ ಎಂದು ಬಟ್ಟೆ ಸುತ್ತಿದ ಕಡ್ಡಿ ಆಡಿಸಿದ. ಬಟ್ಟೆ ಹೋದ ಹಾಗೇ ಬಂತು. ಆಮೇಲೆ ಮದ್ದಿಲ್ಲದ ಡಮ್ಮಿ ತೋಟೆಗಳನ್ನು ತುಂಬಿ, ಕೋವಿಯನ್ನು ಮೇಜಿನ ಹಿಡಿಕಟ್ಟಿಗೆ ಬಿಗಿದು, ಬೋಲ್ಟ್ ಕೂಡಿಸಿ ಎಳೆದ, ತಳ್ಳಿದ. ಖಟಕ್, ಖಟಕ್. ಎಲ್ಲ ತೋಟೆಗಳೂ ಸರದಿಯಲ್ಲಿ ನಿಂತ ಶಾಲಾ ಮಕ್ಕಳಂತೆ ಒಂದರ ಹಿಂದೊಂದು ಒಳಹೋಗಿ ಹೊರಬಿದ್ದವು. ವೇಗ ಹೆಚ್ಚಿಸಿದ. ಹಿಡಿಕಟ್ಟನ್ನೇ ತಿರುಗಿಸಿ ಕೋವಿಯನ್ನು ಓರೆ ಮಾಡಿದ, ಬುಡಮೇಲು ಮಾಡಿದ. ಒಂದೂ ತಪ್ಪಲಿಲ್ಲ.

"ಸ್ಪ್ರಿಂಗ್ ಹಾಕಿದೋನು ಶ್ರದ್ಧೆಯಿಂದ ಕೂತು ಹಾಕಿದಾನೆ. ಕೊಂಕು ತೆಗೆಯೋ ಹಾಗಿಲ್ಲ" ಎಂದ ಅಜ್ಜ. ಆಮೇಲೆ ಗಡ್ಡ ಕೆರೆದುಕೊಂಡು ಕೇಳಿದ, "ನಿಮ್ಮೆಜಮಾನ್ರು ಬೋಲ್ಟ್ ಹೆಂಗೆ ಎಳೀತಿದ್ರು? ನೋಡಿದೀಯಾ?"

ನೋಡದೇ ಏನು? ದಿನವೂ ನೋಡಿದ್ದಳು. ಇರುವುದು ಒಂದೇ ಕೋಣೆ. ಹಗಲು ಅವಳು ಮಲಗಿದ್ದಾಗ ಅವನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಖಾಲಿ ಕೋವಿಯಲ್ಲಿ ಕೈ ಪಳಗಿಸಿಕೊಳ್ಳುತ್ತಿದ್ದ. ಅಜ್ಜ ಡಮ್ಮಿಗಳನ್ನು ಮತ್ತೆ ತುಂಬಿದ ಮೇಲೆ ಅವಳು ಹಿಡಿಕಟ್ಟಿನ ಬಳಿ ಹೋಗಿ, ಗಂಡನಂತೆಯೇ ಎರಡು ಬೆರಳಲ್ಲಿ ಬೋಲ್ಟಿನ ಹಿಡಿ ಎತ್ತಿ, ಮಗುವಿನ ಮೇಲಿನ ಹೊದಿಕೆ ಸರಿಸುವ ಹಾಗೆ ಎಳೆದು, ಹಾಗೆಯೇ ತಳ್ಳಿದಳು. ಸದ್ದೇ ಆಗಲಿಲ್ಲ.

ಅಜ್ಜ ಟ್ರಿಗರ್ ಒತ್ತಿದ. ಟಕ್. ಬೋಲ್ಟ್ ತೆರೆದು ತೋರಿಸಿದ. ನಳಿಗೆ ಖಾಲಿ. ತೋಟೆ ಮ್ಯಾಗಜೀನಿನಲ್ಲೇ ಕೂತಿತ್ತು.

"ಬೋಲ್ಟ್ ಪೂರಾ ಹಿಂದಕ್ಕೆ ಬಂದಿಲ್ಲ ನೋಡು. ಇನ್ನೊಂದು ಬೆರಳಗಲ ಬರಬೇಕಿತ್ತು. ಕೊನೆಗೆ ಹೋಗಿ ಬಡಿದ್ರೇನೇ ತೋಟೆಯ ಬುಡ ಸಿಗೋದು. ಇಲ್ಲ ಅಂದ್ರೆ ಮೇಲಿಂದಾನೇ ಜಾರ್ಕೊಂಡು ಹೋಗುತ್ತೆ. ಮೊದಲನೇ ತೋಟೇನ ಪುರುಸೊತ್ತಲ್ಲಿ ನೋಡ್ಕೊಂಡು ಹಾಕಿರ್ತಾರೆ, ಎರಡನೇದಕ್ಕೆ ಆ ಪುರುಸೊತ್ತು ಎಲ್ಲಿ? ಕೈಗೆ ಏನು ರೂಢಿಯಾಗಿರುತ್ತೋ, ಹಂದಿ ಎದುರಿಗೆ ಬಂದಾಗ್ಲೂ ಕೈ ಅದನ್ನೇ ಮಾಡೋದು." ತುಸು ತಡೆದು ಕೇಳಿದ, "ಇಷ್ಟು ಮೆತ್ತಗೆ ಎಳೆಯೋದನ್ನ ಯಾವ ಪುಣ್ಯಾತ್ಮ ಕಲಿಸಿದ?"

ಕಲಿಸಿದವಳು ಅವಳೇ. ಮದುವೆಯಾದ ಹೊಸದರಲ್ಲಿ, ಪಾಳಿ ಮುಗಿಸಿ ಬಂದು ಮಲಗಿದವಳು ಆ ಖಟಕ್ ಸದ್ದಿಗೆ ಎದ್ದು ಕೂತು, ತಲೆಗೆ ಮೊಳೆ ಹೊಡೀತಿದೀರೇನ್ರೀ ಎಂದು ಕಿರುಚಿದ್ದಳು. ಅವನು ಪೆಚ್ಚಾಗಿ ನಕ್ಕಿದ್ದ. ಮರುದಿನದಿಂದ ಸದ್ದಿಲ್ಲ. ನಮ್ಮನೆಯವರು ಕೋವಿ ಎಳೆದರೆ ಬೆಕ್ಕಿಗೂ ಕೇಳಿಸಲ್ಲ ಎಂದು ಜೊತೆಯವರ ಮುಂದೆ ಜಂಬ ಕೊಚ್ಚಿಕೊಂಡಿದ್ದಳು ಬೇರೆ. ಈಗ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಕೈಗೆ ಅಂಟಿದ ಎಣ್ಣೆಯನ್ನು ಹೊದಿಕೆಗೆ ಒರೆಸಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು.

ಭಾವ ಮೆಟ್ಟಿಲ ಬುಡದಲ್ಲೇ ನಿಂತಿದ್ದ. "ಇರಿ ಭಾವ, ಬಂದೆ" ಎಂದು ಅವಳು ಮೇಲೆ ಹೋದಳು. ಗಂಡ ಮಂಚದಲ್ಲಿ ಗೋಡೆಗೆ ಒರಗಿದ್ದ. ಹೊದಿಕೆ ಕಾಲಿಲ್ಲದ ಕಡೆ ಬೇಗನೆ ಚಪ್ಪಟೆಯಾಗಿಬಿಟ್ಟಿತ್ತು.

"ಸ್ಪ್ರಿಂಗ್ ಸರಿಯಾಗೇ ಇದೆಯಂತೆ."

"ಆ ಮುದುಕನಿಗೆ ಕಣ್ಣು ಕಾಣಲ್ಲ."

"ಬೋಲ್ಟನ್ನ ನಾನೇ ಎಳೆದು ತೋರಿಸಿದೆ. ನೀವು ಎಳೆಯೋ ಹಾಗೆ."

ಅವನು ಸರಕ್ಕನೆ ತಿರುಗಿದ. "ನಿನಗ್ಯಾಕೆ ಬೇಕಿತ್ತು ಅದೆಲ್ಲ? ಯಾರು ತೋರಿಸು ಅಂದಿದ್ದು?"

ಆ ದನಿಯಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಅವಳಿಗೆ ಅರ್ಥವಾಯಿತು.

"ನಿಮಗೆ ಗೊತ್ತಿತ್ತು."

ಅವನು ಹೊದಿಕೆಯ ನೂಲೊಂದನ್ನು ಕಿತ್ತ. "ಆಸ್ಪತ್ರೇಲಿ ಎಚ್ಚರ ಆದಾಗ್ಲೇ ಗೊತ್ತಾಯ್ತು. ಹಂದಿ ಬರ್ತಿದ್ರೂ ಈ ಹಾಳು ಕೈ ಮೆಲ್ಲಗೇ ಎಳೀತು."

"ಮತ್ತೆ ಭಾವನ ತಲೆಗೆ ಯಾಕೆ ಕಟ್ಟಿದ್ರಿ?"

"ಯಾರದಾದ್ರೂ ತಪ್ಪು ಅಂತ ಆಗಬೇಕಿತ್ತಲ್ಲ. ನನ್ನದೇ ಅಂದಿದ್ರೆ, ಯಾಕೆ ಹಾಗೆ ಎಳೆದ್ರಿ ಅಂತ ನೀನು ಕೇಳ್ತಿದ್ದೆ. ಅಣ್ಣನಾದ್ರೆ ತಡ್ಕೋತಾನೆ. ನೀನು ತಡ್ಕೊಳ್ಳಲ್ಲ. ಗೊತ್ತಾದ್ಮೇಲೆ ನಿನಗೆ ನಿದ್ದೆ ಹತ್ತುತ್ತಾ, ಹೇಳು?"

ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳಿಗೆ ಏನೋ ಅನ್ನಿಸಿತು. ಅದು ಸಿಟ್ಟು. ಈ ಮನುಷ್ಯನ ಪ್ರೀತಿಯ ಮೇಲಿನ ಸಿಟ್ಟು. ಕಾಲು ಕಳೆದುಕೊಂಡದ್ದು ಸಾಲದೆಂದು ಅಣ್ಣನನ್ನೂ ಕಳೆದುಕೊಳ್ಳಲು ಹೊರಟಿದ್ದನಲ್ಲ, ಅವಳನ್ನು ಒಂದು ಮಾತೂ ಕೇಳದೆ!

ಬಾಗಿಲು ತೆರೆದು ಕೂಗಿದಳು: "ಭಾವ, ಮೇಲೆ ಬನ್ನಿ! ಸ್ಪ್ರಿಂಗ್ ಸರಿಯಾಗಿದೆ. ಮೆಲ್ಲಗೆ ಎಳೆಯೋ ಹಾಗೆ ಮಾಡಿದ್ದು ನಾನು!"

ಭಾವ ಏದುಸಿರು ಬಿಡುತ್ತ ಹತ್ತಿ ಬಂದು ಬಾಗಿಲಲ್ಲಿ ನಿಂತ. ಅವಳು ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಅವನು ನೇರವಾಗಿ ತಮ್ಮನ ಎದುರಿಗೆ ಹೋಗಿ ನಿಂತ.

"ಲೋ, ರಾತ್ರಿಯೆಲ್ಲ ಆ ಸ್ಪ್ರಿಂಗನ್ನೇ ನೆನೆಸ್ಕೊಂಡು ಸತ್ತಿದೀನಿ ಕಣೋ ನಾನು! ನನ್ನ ಕೈಯಾರೆ ನಿನ್ನ ಕಾಲು ತೆಗೆದೆ ಅಂತ! ಮನುಷ್ಯನೇನೋ ನೀನು? ಒಡಹುಟ್ಟಿದವನೇನೋ?"

ಕೂಗು ಬೀದಿಗೆ ಕೇಳಿಸುವಷ್ಟಾಯಿತು. ತಮ್ಮನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಆದರೂ ಅವನು ಅಣ್ಣನ ಕೈ ಹಿಡಿದು, ಗೋಡೆಯ ಗಡಿಯಾರದ ಕಡೆ ನೋಡಿ, ಪಿಸುದನಿಯಲ್ಲಿ ಹೇಳಿದ:

"ಮೆಲ್ಲಗೆ ಮಾತಾಡೋ ಅಣ್ಣ. ಅವಳಿಗೆ ಪಾಳಿ ಇದೆ. ಸ್ವಲ್ಪ ಮಲಗಬೇಕು."

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ಜೋರಾಗಿ ಅತ್ತಳು.